ಇಬ್ಬರಿಗೊಂದು ದೋಣಿ

ಹೆಣ್ಣು ನೋಡುವಾಗಲೂ ಸಿದ್ದಲಿಂಗಸ್ವಾಮಿ ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅಪ್ಪನ ಜೊತೆ ಬಂದು, ಉಪ್ಪಿಟ್ಟು ತಿಂದು, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ತಲೆಯಾಡಿಸಿಬಿಟ್ಟಿದ್ದ. ದೋಣಿಯ ಪ್ಲಾನ್ ಆರಿಸುವುದಕ್ಕೆ ಮಾತ್ರ ವರ್ಷ ತುಂಬುತ್ತ ಬಂದಿದ್ದರೂ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಸರ್ವಮಂಗಳ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. “ನನ್ನನ್ನೂ ಹಿಂಗೇ ಉದ್ದ ಅಗಲ ಅಳೆದು ನೋಡಿದ್ರೆ ಫೇಲ್ ಮಾಡ್ಬುಡ್ತಿದ್ರು ಕಣ್ರೀ,” ಎಂದು ನಗುತ್ತಿದ್ದಳು. ಗಂಡ ಎದುರಿಗೇ ಕೂತು, ಕೇಳಿಸಲೇ ಇಲ್ಲವೆಂಬಂತೆ ಮೊಬೈಲಿನ ಗಾಜು ಒರೆಸುತ್ತಿದ್ದ.

ದೋಣಿ ಎಂದರೆ ಬರಿಯ ದೋಣಿಯಲ್ಲ, ಕೆಟಮರಾನ್. ಪಕ್ಕಪಕ್ಕದಲ್ಲಿ ಎರಡು ಸಪೂರ ದೋಣಿ, ಎರಡನ್ನೂ ಜೋಡಿಸುವ ಅಡ್ಡಮರ, ನಡುವೆ ಹಲಗೆಯ ಜಗಲಿ. ಹಾಯಿ ಬಿಚ್ಚಿದರೆ ಗಾಳಿಗೆ ಓಡುತ್ತದೆ, ಸಂಜೆ ಲಂಗರು ಹಾಕಿ ಒಳಗೇ ಮಲಗಬಹುದು. ಪ್ಲೈವುಡ್ ತಂದು ಮನೆಯಲ್ಲೇ ಮಾಡಿಕೊಳ್ಳಬಹುದಾದ ಇಂಥ ದೋಣಿಗಳ ಪ್ಲಾನು ಮಾರುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೈಸೂರಿನವರಿಗೆ ನೀರು ಅಂದರೆ ಕುಕ್ಕರಹಳ್ಳಿ ಕೆರೆ. ಅದರಲ್ಲೂ ಇಳಿಯುವ ಹಾಗಿಲ್ಲ, ಸುತ್ತ ನಡೆದು ಸಕ್ಕರೆ ಕಾಯಿಲೆ ಇಳಿಸಿಕೊಳ್ಳಬೇಕು ಅಷ್ಟೆ. ಅಂಥ ಊರಲ್ಲಿ, ಕುವೆಂಪುನಗರದ ಮನೆಯ ಪಕ್ಕದ ಓಣಿಯಲ್ಲಿ ಸಮುದ್ರದ ದೋಣಿ ಕಟ್ಟುತ್ತೇನೆಂದು ಹೊರಟವನಿಗೆ ಏನು ಹೇಳುವುದು? ಬೀದಿಯವರು ಹೇಳುವುದನ್ನೆಲ್ಲ ಹೇಳಿಯಾಗಿತ್ತು.

ಸಿದ್ದಲಿಂಗಸ್ವಾಮಿ ಕೈಲಾಗದವನೇನಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ಎರಕ ಹೊಯ್ಯುವುದಕ್ಕೆ ಬೇಕಾದ ಮರದ ಅಚ್ಚುಗಳನ್ನು ಕೆತ್ತುತ್ತಿದ್ದವನು. ನಿವೃತ್ತಿಯಾದ ಮೊದಲ ತಿಂಗಳು ಮನೆಯಲ್ಲಿ ಕೂತು ಹೆಂಡತಿ ಪಾತ್ರೆ ಜೋಡಿಸುವ ಕ್ರಮದಲ್ಲಿ ತಪ್ಪು ಹುಡುಕಿದ. ಎರಡನೆಯ ತಿಂಗಳು ಗೇಟಿನ ಕೀಲು, ಬಾಗಿಲಿನ ಚಿಲಕ, ದೇವರ ಮಂಟಪದ ಕಾಲು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿದ. ಮೂರನೆಯ ತಿಂಗಳು ಮೊಬೈಲಿನಲ್ಲಿ ಯಾರೋ ಗಂಡ ಹೆಂಡತಿ ಹಿತ್ತಿಲಲ್ಲಿ ಕಟ್ಟಿದ ದೋಣಿಯಲ್ಲಿ ಸಮುದ್ರಕ್ಕೆ ಹೋಗುವುದನ್ನು ನೋಡಿದ. ಅವತ್ತಿನಿಂದ ಬೇರೆ ಮಾತಿಲ್ಲ. ಒಂದೊಂದೇ ದೋಣಿ ಕಟ್ಟಿ, ಲಾರಿಯಲ್ಲಿ ಹೊನ್ನಾವರಕ್ಕೆ ಸಾಗಿಸಿ, ಅಲ್ಲಿ ಎರಡನ್ನೂ ಜೋಡಿಸಿ, ಶರಾವತಿಯ ಹಿನ್ನೀರಿನಲ್ಲಿ ಕೈ ಪಳಗಿಸಿಕೊಂಡು, ದಡ ಹಿಡಿದು ನಿಧಾನಕ್ಕೆ ಕಾರವಾರದವರೆಗೆ ಹೋಗುವುದು. ಇದು ಅವನ ಲೆಕ್ಕಾಚಾರ.

ಸೋಸಿ ಸೋಸಿ ಕೊನೆಗೆ ಮೂರು ಪ್ಲಾನು ಉಳಿದವು. ಮನೆಯವರೆಲ್ಲ ಅವುಗಳನ್ನು ಚಿಕ್ಕದು, ನಡುವಿನದು, ದೊಡ್ಡದು ಎಂದೇ ಕರೆಯುತ್ತಿದ್ದರು, ಅಕ್ಕತಂಗಿಯರ ಹಾಗೆ. ಚಿಕ್ಕದರಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರು ತೂರಿಕೊಂಡು ಮಲಗಬೇಕು, ಅಡುಗೆಮನೆಯಿಲ್ಲ. ಜಗಲಿಯ ಮೇಲೆ ಸ್ಟೌ ಇಟ್ಟುಕೊಂಡು ಹಸಿದವರು ಬೇಯಿಸಿಕೊಳ್ಳಬೇಕು. ನಡುವಿನದರಲ್ಲಿ ಒಂದು ದೋಣಿಯೊಳಗೆ ಅಡುಗೆಗೂ ಮಲಗುವುದಕ್ಕೂ ಜಾಗ, ಇನ್ನೊಂದರಲ್ಲಿ ಹಾಸಿಗೆಯೂ ಕಕ್ಕಸೂ. ದೊಡ್ಡದರ ನಡುವೆ ಒಂದು ಕೋಣೆಯೇ ಇತ್ತು, ಇಡೀ ಸಂಸಾರ ಹಿಡಿಸುತ್ತಿತ್ತು.

ಅವರೆಕಾಯಿ ಕಾಲ ಬಂದಿತ್ತು. ಹಜಾರದಲ್ಲಿ ಪೇಪರು ಹಾಸಿ, ರಾತ್ರಿ ನೆನೆಹಾಕಿದ ಕಾಳನ್ನು ಹಿದುಕುತ್ತ ಎಲ್ಲರೂ ಕೂತಿದ್ದರು. ಕಾಳು ಹಿದುಕುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ಈ ಮನೆಯ ಜಗಳಗಳೆಲ್ಲ ಅವರೆಕಾಯಿ ಕಾಲದಲ್ಲೇ ಆಗುವುದು.

“ದೊಡ್ಡದು ಮಾಡಿ ಅಪ್ಪ,” ಎಂದ ಮಗ ಅಮರೇಶ್. ಬೈಕು ಮಾರುವ ಷೋರೂಮಿನಲ್ಲಿ ಕೆಲಸ, ಏನು ನೋಡಿದರೂ ಗಿರಾಕಿ ಕಾಣುತ್ತಾನೆ. “ನಾವಿಲ್ದಾಗ ಟೂರಿಸ್ಟುಗಳಿಗೆ ಬಾಡಿಗೆಗೆ ಬಿಡಬಹುದು.”

“ದೊಡ್ಡದನ್ನ ಓಣಿಯಿಂದ ಈಚೆಗೆ ತೆಗೆಯೋದು ಹೆಂಗೋ? ಕಾಂಪೌಂಡ್ ಒಡೀಲಾ?”

“ಒಡೀರಿ.”

“ನಿನ್ನ ದುಡ್ಡಲ್ಲಿ ಕಟ್ಟಿಸಿದ ಕಾಂಪೌಂಡಲ್ಲ ಅದು,” ಎಂದ ಸಿದ್ದಲಿಂಗಸ್ವಾಮಿ.

ಕುರ್ಚಿಯಲ್ಲಿ ಕೂತಿದ್ದ ಅವನ ತಾಯಿ ಮಹದೇವಮ್ಮ ಕೊರಳೆತ್ತಿದರು. ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ಅವರ ಓಡಾಟವೆಲ್ಲ ಬೇರೆಯವರ ತೋಳಿನ ಮೇಲೆ. ಮಾತು ಮಾತ್ರ ಸ್ವಂತ ಕಾಲ ಮೇಲೇ ನಿಂತಿತ್ತು. “ಅದೆಲ್ಲ ಇರ್ಲಿ. ಬಾಗ್ಲು ಯಾವ ದಿಕ್ಕಿಗೈತೆ ಅದ್ರುದು?”

“ದೋಣಿ ತಿರುಗ್ತಾ ಇರುತ್ತೆ ಕಣಮ್ಮ. ಅದಕ್ಕೆಲ್ಲಿ ದಿಕ್ಕು?”

“ಅಂಗಂದ್ರೆ ಎಂಗೋ? ಒಲೆ ಆಗ್ನೇಯಕ್ಕೆ ಇರ್ಬೇಕೋ ಬ್ಯಾಡ್ವೋ?”

“ಬೆಳಿಗ್ಗೆ ಆಗ್ನೇಯಕ್ಕಿದ್ದದ್ದು ಸಾಯಂಕಾಲ ವಾಯುವ್ಯಕ್ಕೆ ಹೋಗುತ್ತೆ ಅಜ್ಜಿ,” ಎಂದಳು ಅಮರೇಶನ ಹೆಂಡತಿ ರಕ್ಷಿತಾ, ನಗು ತಡೆಯುತ್ತ. ಅವಳು ಫಿಸಿಯೋಥೆರಪಿ ಕಲಿತವಳು, ಅಜ್ಜಿಯನ್ನು ನಡೆಸುವವಳೂ ನಗಿಸುವವಳೂ ಅವಳೇ.

“ಅಂತಾ ಮನೇಲಿ ಅನ್ನ ಉಂಡ್ರೆ ಮೈಗೆ ಅತ್ತಾದಾ? ಮಠಕ್ಕೋಗಿ ಬುದ್ಧಿಯೋರ್ಗೆ ಒಂದ್ಸಲ ತೋರ್ಸ್ಕೊಂಡ್ ಬಾ.”

ಸರ್ವಮಂಗಳ ಕಾಳಿನ ಬುಟ್ಟಿಯಿಂದ ತಲೆಯೆತ್ತಲಿಲ್ಲ. ಒಲೆ ಆಗ್ನೇಯಕ್ಕಿರಬೇಕೆಂಬ ಒಂದೇ ಮಾತಿಗೆ ಈ ಮನೆಯ ಅಡುಗೆಮನೆಗೆ ಕಿಟಕಿಯಿರಲಿಲ್ಲ. ಆ ಮೂಲೆಗೆ ಪಕ್ಕದ ಮನೆಯ ಗೋಡೆ ಅಂಟಿಕೊಂಡಿತ್ತು. ಮನೆಯ ಪ್ಲಾನು ನೋಡಿದವರು ಮಾವ, ಅತ್ತೆ, ವಾಸ್ತು ಹೇಳುವ ಒಬ್ಬ ಮೇಷ್ಟ್ರು. ಅವಳು ಆಗ ಅವರಿಗೆಲ್ಲ ಕಾಫಿ ಕೊಟ್ಟಿದ್ದಳು. ಅಮರೇಶ್ ಹುಟ್ಟುವ ಮೊದಲಿನಿಂದ ಇವತ್ತಿನವರೆಗೆ ಆ ಗೋಡೆ ನೋಡಿಕೊಂಡೇ ಒಗ್ಗರಣೆ ಹಾಕಿದ್ದಳು.

“ನಡುವಿನದೇ ಸರಿ,” ಎಂದಳು. “ಅಡುಗೆ ಮಾಡೋ ಕಡೆ ಕಿಟಕಿ ಇದೆ.”

ಎಲ್ಲರೂ ಅವಳ ಕಡೆ ನೋಡಿದರು. ಸರ್ವಮಂಗಳ ಪ್ಲಾನು ನೋಡಿದ್ದಾಳೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಸಿದ್ದಲಿಂಗಸ್ವಾಮಿಯ ಮನಸ್ಸು ನಿಲ್ಲದ್ದಕ್ಕೆ ಒಂದು ಕಾರಣ ಇತ್ತು. ಇದುವರೆಗೆ ಅವನು ಮಾಡಿದ್ದೆಲ್ಲ ದಿಮ್ಮಿಯಿಂದ ಕೆತ್ತಿ ತೆಗೆಯುವ ಕೆಲಸ. ಈ ದೋಣಿಗಳದ್ದು ಬೇರೆ ಥರ. ಚಪ್ಪಟೆ ಪ್ಲೈವುಡ್ಡನ್ನು ಕತ್ತರಿಸಿ, ಅಂಚಿನುದ್ದಕ್ಕೂ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಮೇಲೆ ಅಂಟು ಬಳಿಯಬೇಕು. ಹೊಲಿದಾಗ ತಾನೇ ಬಾಗಿ ದೋಣಿಯಾಗುತ್ತದಂತೆ. “ಚಪ್ಪಟೆ ಹಲಗೆ ಹೊಲಿದ್ರೆ ಹೊಟ್ಟೆ ಬರುತ್ತಾ? ಯಾವ ಮಂತ್ರ ಇದು?” ಎಂದು ಪ್ಲಾನಿನ ನಕಲು ಹಿಡಿದುಕೊಂಡು ದಿನವೂ ಗೊಣಗುತ್ತಿದ್ದ.

ಸರ್ವಮಂಗಳ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದವಳು. ಒಂದು ಮಧ್ಯಾಹ್ನ ಸ್ವೀಟಿನ ಡಬ್ಬಗಳ ರಟ್ಟು ಬಿಡಿಸಿ, ನಡುವಿನದರ ತುಂಡುಗಳನ್ನು ಅಳತೆ ಇಳಿಸಿ ಕತ್ತರಿಸಿ, ದಪ್ಪ ದಾರದಲ್ಲಿ ಹೊಲಿದು, ಗಂಡ ಕಾಫಿಗೆ ಬರುವ ಹೊತ್ತಿಗೆ ಮೇಜಿನ ಮೇಲಿಟ್ಟಳು. ಎರಡು ಪುಟ್ಟ ದೋಣಿ, ಮೂಗು ಚೂಪಾಗಿ, ಹೊಟ್ಟೆ ತುಂಬಿಕೊಂಡು ನಿಂತಿದ್ದವು.

ಸಿದ್ದಲಿಂಗಸ್ವಾಮಿ ಒಂದನ್ನು ಎತ್ತಿ ತಿರುಗಿಸಿ ನೋಡಿದ. “ಹೆಂಗೆ ಬಂತೇ ಇದು?”

“ರವಿಕೆಗೆ ಡಾರ್ಟ್ ಹಿಡಿಯೋದಿಲ್ವೆ? ಅಂಗೇ. ಎರಡು ಅಂಚು ಒಂದೇ ಥರ ಇದ್ರೆ ಚಪ್ಪಟೆ, ಒಂದು ಉದ್ದ ಒಂದು ಗಿಡ್ಡ ಇದ್ರೆ ತಾನೇ ಉಬ್ಬುತ್ತೆ.”

“ಭೇಷ್,” ಎಂದ ಅವನು. ಮದುವೆಯಾದಾಗಿನಿಂದ ಅವನು ಅವಳ ಸಾರಿಗೂ ಈ ಮಾತು ಅಂದಿರಲಿಲ್ಲ.

ಆಮೇಲಿನ ದಿನಗಳು ಸರ್ವಮಂಗಳಳಿಗೆ ಬಹಳ ಚೆನ್ನಾಗಿದ್ದವು, ಇದನ್ನು ಮುಚ್ಚಿಡುವುದೇಕೆ? ಸಂಜೆ ಅತ್ತೆಯ ಮುದ್ದೆ ಊಟ ಮುಗಿಸಿ ಬಂದು ಗಂಡನ ಪಕ್ಕದಲ್ಲಿ ಕೂರುತ್ತಿದ್ದಳು. ಮೂರರ ಮಾದರಿಯನ್ನೂ ಹೊಲಿದಳು. “ಒಲೆ ಈ ಕಡೆಗಿರಲಾ, ಮೆಟ್ಟಿಲ ಪಕ್ಕಕ್ಕಾ?” ಎಂದು ಅವನು ಕೇಳುತ್ತಿದ್ದ. “ಮೆಟ್ಟಿಲ ಪಕ್ಕಕ್ಕೆ ಬೇಡ, ಇಳಿಯೋವಾಗ ಸೆರಗು ತಾಗುತ್ತೆ,” ಎಂದು ಇವಳು ಹೇಳುತ್ತಿದ್ದಳು. ಮಸಾಲೆ ಡಬ್ಬ ಉರುಳದ ಹಾಗೆ ಕಟ್ಟೆ, ಚೊಂಬು ಸಿಕ್ಕಿಸುವ ಕೊಕ್ಕೆ, ಎಲ್ಲವನ್ನೂ ಅವನು ಬರೆದುಕೊಂಡ. “ಇಬ್ಬರಿಗೆ ಇಷ್ಟು ಸಾಕು ಬುಡು,” ಎಂದು ಪೆನ್ಸಿಲು ಕಿವಿಗೆ ಸಿಕ್ಕಿಸಿದ. ಆ ಇಬ್ಬರಲ್ಲಿ ಒಬ್ಬಳು ತಾನು ಅಂದುಕೊಂಡಳು. ಒಲೆಯ ಜಾಗ ಕೇಳಿದವನು ಬೇರೆ ಯಾರನ್ನು ಕರೆದುಕೊಂಡು ಹೋಗುತ್ತಾನೆ?

ಅವಳಿಗೆ ಇನ್ನೊಂದು ಯೋಚನೆಯೂ ಹತ್ತಿತು. ನೀರಿನ ಮೇಲೆ ಹೋಗುವವಳು ನೀರಿಗೆ ಹೆದರಿದರೆ ಆಗುತ್ತದೆಯೆ? ರಕ್ಷಿತಾಳ ಕಿವಿಯಲ್ಲಿ ಹೇಳಿದಳು. ರಕ್ಷಿತಾ ಎರಡು ಮಾತಾಡದೆ ಸರಸ್ವತಿಪುರಂನ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಹೆಸರು ಬರೆಸಿ, ಮೈತುಂಬ ಮುಚ್ಚುವ ಒಂದು ಈಜುಡುಗೆ ತಂದುಕೊಟ್ಟಳು. ಮನೆಯಲ್ಲಿ ವಾಕಿಂಗ್ ಎಂದು ಹೇಳಿ ಇಬ್ಬರೂ ಸ್ಕೂಟರಿನಲ್ಲಿ ಹೊರಡುತ್ತಿದ್ದರು. ಮೊದಲ ವಾರ ಸರ್ವಮಂಗಳ ಕಂಬಿ ಬಿಡಲಿಲ್ಲ. ಮೂಗಿಗೆ ನೀರು ಹೋಗಿ ಅತ್ತೂ ಅತ್ತಳು. ಕಲಿಸುವ ಹುಡುಗಿ ನಿಶ್ಚಿತಾ ಮಗಳ ವಯಸ್ಸಿನವಳು, “ಆಂಟಿ, ನೀರನ್ನ ನಂಬಿ,” ಎನ್ನುತ್ತಿದ್ದಳು. ಸಂಕ್ರಾಂತಿ ಎಳ್ಳು ಬೀರುವ ಹೊತ್ತಿಗೆ ಕೊಳದ ಅಗಲವನ್ನು ಒಂದೇ ಉಸಿರಿಗೆ ದಾಟುವಷ್ಟಾಗಿದ್ದಳು. “ಏನಮ್ಮ, ತಲೆ ವದ್ದೆ?” ಎಂದು ಅತ್ತೆ ಕೇಳಿದರೆ “ಬೆವರು ಅತ್ತೆ,” ಎನ್ನುತ್ತಿದ್ದಳು. ಚಳಿಗಾಲದಲ್ಲಿ ಇಷ್ಟು ಬೆವರುವ ಸೊಸೆಯನ್ನು ಮಹದೇವಮ್ಮ ಅನುಮಾನದಿಂದ ನೋಡುತ್ತಿದ್ದರು.

ಪ್ಲಾನಿನ ಪೂರ್ತಿ ಹಾಳೆಗಳಿಗೆ ದುಡ್ಡು ಕಟ್ಟುವ ಮೊದಲು ನಡುವಿನದನ್ನು ನಿಜವಾದ ಅಳತೆಯಲ್ಲಿ ಒಮ್ಮೆ ನೋಡಬೇಕೆಂದ ಸಿದ್ದಲಿಂಗಸ್ವಾಮಿ. ಮನೆ ಕಟ್ಟುವಾಗ ಪಾಯಕ್ಕೆ ಗುರುತು ಹಾಕುವ ಹಾಗೆ ತಾರಸಿಯ ಮೇಲೆ ದಾರ ಎಳೆದ. ದಾರದ ಗುಂಟ ರಂಗೋಲಿ ಪುಡಿ ಬಿಟ್ಟವಳು ಸರ್ವಮಂಗಳ. ಗೆರೆ ಒಂದು ಕಡೆಯೂ ಅದುರಲಿಲ್ಲ. ಒಲೆ, ಕಿಟಕಿ, ಹಾಸಿಗೆ, ಕಕ್ಕಸು ಎಲ್ಲ ಬಿಳಿ ಗೆರೆಯಲ್ಲಿ ಎದ್ದು ನಿಂತವು. ಅಡುಗೆಯ ಚೌಕದೊಳಗೆ ನಿಂತು ಕೈ ಚಾಚಿ ನೋಡಿದಳು. ಎಲ್ಲ ಕೈಗೆಟುಕುತ್ತಿತ್ತು. ಕಿಟಕಿ ಇರಬೇಕಾದ ಕಡೆ ದೂರದಲ್ಲಿ ಬೆಟ್ಟ ಕಾಣುತ್ತಿತ್ತು.

ಕಾಫಿ ತರಲು ಕೆಳಗಿಳಿದಳು. ಅಷ್ಟರಲ್ಲಿ ವಿಜಯ್‌ಕುಮಾರ್ ಬಂದ. ವರ್ಕ್‌ಶಾಪಿನಲ್ಲಿ ಕ್ರೇನು ನಡೆಸುತ್ತಿದ್ದವನು, ಉದಯಗಿರಿಯಲ್ಲಿ ಮನೆ, ಗಂಡನ ಹಳೆಯ ಗೆಳೆಯ. ಆರಡಿ ಆಳು, ಬಂದರೆ ಮನೆಯ ಬಾಗಿಲೇ ಚಿಕ್ಕದಾಗುತ್ತಿತ್ತು. ಅವಳು ಮೂರು ಲೋಟ ಕಾಫಿ ಹಿಡಿದು ತಾರಸಿಗೆ ಬರುವ ಹೊತ್ತಿಗೆ ವಿಜಯ್‌ಕುಮಾರ್ ಅಡುಗೆಯ ಪಕ್ಕದ ಹಾಸಿಗೆಯಲ್ಲಿ ಅಂಗಾತ ಮಲಗಿದ್ದ. ಸಿದ್ದಲಿಂಗಸ್ವಾಮಿ ಅವನ ಪಾದದ ಹತ್ತಿರ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದಿದ್ದ.

“ಎರಡಿಂಚು ಸಾಲ್ದು. ಕಾಲು ಮಡಚ್ಕೊಂಡು ಮಲಗ್ತೀಯಾ, ಇಲ್ಲ ಗೆರೆ ಮುಂದಕ್ಕೆ ಹಾಕ್ಲಾ?”

“ಮುಂದಕ್ಕಾಕು ಗುರುವೇ. ಕಾರವಾರದ ತನಕ ಮಡಚ್ಕೊಂಡು ಹೋಗಕ್ಕಾದಾತಾ?”

ಸರ್ವಮಂಗಳ ತಟ್ಟೆ ಕೆಳಗಿಡಲಿಲ್ಲ. “ಅದು ನನ್ನ ಜಾಗ ಅಲ್ವಾ?” ಎಂದಳು.

ಸಿದ್ದಲಿಂಗಸ್ವಾಮಿ ನಕ್ಕ. ಕೆಟ್ಟ ನಗುವಲ್ಲ, ಮಗು ಏನೋ ಅಂದಾಗ ನಗುವ ನಗು. “ನೀನೆಲ್ಲಿ ಬರ್ತೀಯೇ? ನಾನೂ ವಿಜಯನೂ ಹೋಗೋದು. ನಿನಗೆ ನೀರಂದ್ರೆ ಭಯ.”

“ಯಾರು ಹೇಳಿದ್ದು?”

“ಹೇಳೋದೇನು? ಮತ್ತೆ ಅಮ್ಮನ್ನ ಯಾರು ನೋಡ್ಕೋತಾರೆ?”

“ಒಲೆ ಎಲ್ಲಿರ್ಲಿ ಅಂತ ನನ್ನ ಯಾಕೆ ಕೇಳಿದ್ರಿ?”

“ಒಲೆ ವಿಷಯ ನಿನ್ನ ಕೇಳ್ದೆ ಇನ್ಯಾರನ್ನ ಕೇಳ್ಲಿ?” ಎಂದ ಅವನು, ನಿಜವಾಗಿಯೂ ಅರ್ಥವಾಗದೆ.

ವಿಜಯ್‌ಕುಮಾರ್ ಎದ್ದು ಕೂತ. ಅವನ ಅಂಗಿಯ ಬೆನ್ನಿಗೆ ಬಿಳಿ ಗೆರೆ ಅಂಟಿಕೊಂಡಿತ್ತು. “ನಾನು ಆಮೇಲೆ ಬತ್ತೀನಿ,” ಎಂದು ಕಾಫಿಯನ್ನೂ ಕುಡಿಯದೆ ಮೆಟ್ಟಿಲಿಳಿದ. ಸರ್ವಮಂಗಳಳಿಗೆ ಅಳು ಬರಲಿಲ್ಲ, ಅವಮಾನವಾಯಿತು. ಕನ್ನಡಿ ಮುಂದೆ ಹೊಸ ಸೀರೆಯುಟ್ಟು ಸಿಂಗರಿಸಿಕೊಂಡು ನಿಂತವಳಿಗೆ ಮದುವೆಯ ಕರೆಯೋಲೆಯಲ್ಲಿ ನಿನ್ನ ಹೆಸರಿಲ್ಲ ಎಂದ ಹಾಗಾಗಿತ್ತು. ಅವನಿಗೆ ತನ್ನ ಮೇಲೆ ಸಿಟ್ಟಿದ್ದರೆ, ಬೇಡವಾಗಿದ್ದರೆ ಜಗಳವಾಡಬಹುದಿತ್ತು. ತಾನು ಅವನ ಯೋಚನೆಗೇ ಬಂದಿರಲಿಲ್ಲ.

ಆ ರಾತ್ರಿ ಊಟಕ್ಕೆ ಹಿದುಕಿದ ಬೇಳೆಯ ಸಾರು, ಮುದ್ದೆ. ಎಲ್ಲರಿಗೂ ಬಡಿಸಿದಳು, ಉಪ್ಪು ಖಾರ ಒಂದೂ ಕೆಡಲಿಲ್ಲ. ಬಡಿಸಿಯಾದ ಮೇಲೆ ತಾನು ಕೂರದೆ ಬಾಗಿಲಿಗೆ ಒರಗಿ ನಿಂತಳು.

“ನಾನು ಈಜು ಕಲೀತಿದೀನಿ,” ಎಂದಳು.

ಅಮರೇಶನ ಕೈಯ ತುತ್ತು ನಿಂತಿತು. “ಏನಂದ್ರಿ?”

“ನಿನ್ನ ಹೆಂಡ್ತಿನ ಕೇಳು.”

“ಹೌದು, ಕಲೀತಿದಾರೆ. ಚೆನ್ನಾಗೇ ಈಜ್ತಾರೆ,” ಎಂದಳು ರಕ್ಷಿತಾ, ಅತ್ತೆಯ ಮುಖ ನೋಡುತ್ತ.

“ಈ ವಯಸ್ಸಲ್ಲಿ! ಯಾಕೆ?” ಎಂದ ಸಿದ್ದಲಿಂಗಸ್ವಾಮಿ.

“ಯಾಕೆ ಅಂತ ಇನ್ನೂ ಕೇಳ್ತೀರಲ್ಲ, ನಿಮಗೇನು ಹೇಳ್ಲಿ?”

ಅವನಿಗೆ ಈಗ ಅರ್ಥವಾಯಿತು. ಅರ್ಥವಾದ ಗಂಡಸರು ಮಾಡುವುದನ್ನೇ ಮಾಡಿದ, ಸಿಟ್ಟಾದ. “ಹಂಗಾದ್ರೆ ಮೊದಲೇ ಬಾಯಿಬಿಟ್ಟು ಹೇಳ್ಬೇಕಿತ್ತು. ಅಮ್ಮನ್ನ ಬಿಟ್ಟು ಇಬ್ರೂ ಹೋಗಕ್ಕಾಗುತ್ತಾ? ಎತ್ತಿ ಕೂರಿಸ್ಬೇಕು, ಬಿಸಿನೀರು ಕಾಯಿಸ್ಬೇಕು, ಪೂಜೆಗೆ ಅಣಿ ಮಾಡ್ಬೇಕು.”

“ಅದನ್ನೆಲ್ಲ ಮಾಡೋದು ನಾನು. ನನಗೇ ಹೇಳಿಕೊಡ್ತೀರಾ?”

“ಅದೇ ನಾನೂ ಹೇಳೋದು.”

ಮಹದೇವಮ್ಮ ತಟ್ಟೆ ಆಚೆಗೆ ತಳ್ಳಿದರು. “ಇವ್ಳೂ ಒಂಟೋದ್ರೆ ನನ್ ಗತಿ ಏನ್ಲಾ? ರಾತ್ರಿ ಎದ್ರೆ ಯಾರ್ ಇಡ್ಕೊಳೋರು? ನಾನು ಸಾಯ್ಲಾ?” ಅದು ನಾಟಕವಾಗಿರಲಿಲ್ಲ, ಮುದುಕಿಗೆ ನಿಜವಾಗಿಯೂ ಭಯವಾಗಿತ್ತು.

ಸರ್ವಮಂಗಳ ಹತ್ತಿರ ಹೋಗಿ ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ಸರಿಸಿದಳು. “ನೀವ್ಯಾಕೆ ಸಾಯ್ಬೇಕು ಅತ್ತೆ? ಮಗ ಇದಾರೆ, ಮೊಮ್ಮಗ ಇದಾನೆ. ಇಬ್ಬರಿಗೂ ಎರಡೆರಡು ಕೈಯಿದೆ.”

“ನಾನಾ?” ಎಂದ ಅಮರೇಶ್. “ಅಮ್ಮ, ನನಗೆ ಟಾರ್ಗೆಟ್ ಇದೆ.”

“ಸ್ನಾನ ನಾನು ಮಾಡಿಸ್ತೀನಿ,” ಎಂದಳು ರಕ್ಷಿತಾ. “ಉಳಿದದ್ದು ನೀವೂ ಮಾವನೂ ಕಲೀರಿ. ಹೆಂಗೆ ಎತ್ತಿ ಕೂರಿಸ್ಬೇಕು ಅಂತ ನಾನು ತೋರಿಸ್ತೀನಿ.”

“ಮನೆ ವಿಷಯದಲ್ಲಿ ನೀನು ತಲೆ ಹಾಕ್ಬೇಡ,” ಎಂದ ಅಮರೇಶ್.

“ನಾನು ಯಾವ ಮನೇವಳು ಅಂದ್ಕೊಂಡಿದೀರಿ?”

ಯಾರೂ ಸಾರು ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಬೆಳಿಗ್ಗೆ ಅತ್ತೆಗೆ ತಿಂಡಿ ತಿನ್ನಿಸಿ, ಸರ್ವಮಂಗಳ ಒಂದು ಚೀಲಕ್ಕೆ ನಾಲ್ಕು ಸೀರೆಯನ್ನೂ ಈಜುಡುಗೆಯನ್ನೂ ತುಂಬಿಕೊಂಡು ಅಕ್ಕ ಲಕ್ಷ್ಮಮ್ಮನ ಮನೆಗೆ ಹೊರಟಳು. ಅಕ್ಕನ ಮನೆ ಜಯಲಕ್ಷ್ಮಿಪುರಂನಲ್ಲಿ. ಆಟೋದವನು ಮೀಟರು ಹಾಕುವಷ್ಟರಲ್ಲಿ ಮುಗಿಯುವ ದೂರ. ಆದರೂ ಗೇಟು ದಾಟಿದವಳು ತಿರುಗಿ ಬಂದು ಚಿಲಕ ಹಾಕಿದೆನೇ ಎಂದು ಇನ್ನೊಮ್ಮೆ ನೋಡಿದಳು. ಹೆರಿಗೆ, ಸಾವು, ಮದುವೆ ಬಿಟ್ಟರೆ ಅವಳು ಆ ಮನೆ ಬಿಟ್ಟು ಹೋದವಳೇ ಅಲ್ಲ.

ಅಕ್ಕನ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಏಳುವ ಹೊತ್ತಿಗೆ ಏಳುತ್ತಿದ್ದಳು, ಯಾರನ್ನೂ ಎತ್ತಿ ಕೂರಿಸಬೇಕಾಗಿರಲಿಲ್ಲ. ಅಕ್ಕನ ಒಗೆದ ಬಟ್ಟೆ ಮಡಚಿದಳು, ಮಡಚಿದ್ದನ್ನು ಇನ್ನೊಮ್ಮೆ ಮಡಚಿದಳು, ತೆಂಗಿನಕಾಯಿ ಜುಟ್ಟು ಕಿತ್ತಿಟ್ಟಳು, ಗೇಟಿನವರೆಗೆ ಹೋಗಿ ಬಂದಳು. “ಕೂತ್ಕೊಳ್ಳೇ ತಾಯಿ, ನನ್ನ ತಲೆ ತಿರುಗುತ್ತೆ,” ಎಂದು ಅಕ್ಕ ಗದರಿದಳು. ಕೊಳದಲ್ಲಿ ಮಾತ್ರ ಸಮಾಧಾನ. ಅಲ್ಲಿ ಸುಮ್ಮನಿದ್ದರೆ ಮುಳುಗುತ್ತಿದ್ದಳು, ಆದ್ದರಿಂದ ಕೈಕಾಲು ಆಡಿಸುವುದಕ್ಕೆ ಒಂದು ಅರ್ಥವಿತ್ತು.

ರಕ್ಷಿತಾ ದಿನಾ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು. “ಅತ್ತೆ, ಇವತ್ತು ಮಾವ ಮುದ್ದೆ ತೊಳಸಿದ್ರು. ಅಜ್ಜಿ ಅದನ್ನ ನೆಲಕ್ಕೆ ಕುಟ್ಟಿ ನೋಡಿ, ಗೋಲಿ ಆಡೋಣ್ವಾ ಅಂದ್ರು.” ಮರುದಿನ, “ಪೂಜೆಗೆ ಬಿಲ್ವಪತ್ರೆ ತರೋದು ಮರೆತುಹೋಗಿ ಮಾವ ಪಕ್ಕದ ಮನೆ ಸೀಬೆ ಎಲೆ ಕಿತ್ತಿಟ್ಟಿದ್ರು. ಅಜ್ಜಿ ಲಿಂಗ ಕೈಯಲ್ಲಿ ಹಿಡ್ಕೊಂಡೇ ಬೈದ್ರು.” ಇನ್ನೊಂದು ದಿನ, “ಅಮರೇಶ್ ರಾತ್ರಿ ಅಜ್ಜಿ ಪಕ್ಕ ಚಾಪೆ ಹಾಕ್ಕೊಂಡು ಮಲಗಿದ್ರು. ಅಜ್ಜಿ ಕರೆದ್ರೂ ಏಳಲಿಲ್ಲವಂತೆ, ಕೋಲಲ್ಲಿ ತಿವಿದು ಎಬ್ಬಿಸಿದ್ರಂತೆ.” ಸರ್ವಮಂಗಳ ನಗುತ್ತಿದ್ದಳು. ಫೋನಿಟ್ಟ ಮೇಲೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚಿದರೋ ಇಲ್ಲವೋ ಎಂದು ಚಡಪಡಿಸುತ್ತಿದ್ದಳು. ಹೋಗಿಬಿಡಲೇ ಎಂದು ಎರಡು ಸಲ ಚೀಲಕ್ಕೆ ಕೈ ಹಾಕಿದಳು.

ಒಂದು ಮಧ್ಯಾಹ್ನ ಫೋನು ಬಂದಾಗ ಆ ಕಡೆ ಮಹದೇವಮ್ಮನವರೇ ಇದ್ದರು.

“ಯಾವಾಗ್ ಬತ್ತೀಯೇ?”

ಸರ್ವಮಂಗಳ ಎದ್ದು ನಿಂತಳು. “ಏನಾಯ್ತು ಅತ್ತೆ? ಈಗಲೇ ಬರ್ಲಾ?”

“ಬ್ಯಾಡ ಬುಡು. ಇನ್ನೊಂದೆರಡು ದಿನ ಇರು. ಇವ್ನು ಈಗ ತಾನೇ ಕಲೀತಾವ್ನೆ, ನೀ ಬಂದ್ರೆ ಎಲ್ಲಾ ನಿನ್ ಮೇಲಾಕಿ ಎದ್ದೋಯ್ತನೆ.” ಮುದುಕಿ ದನಿ ತಗ್ಗಿಸಿದರು. “ನೀರು ಸುಡುಸುಡು ಕಾಯಿಸ್ತಾನೆ. ಆದ್ರೂ ನಿನ್ನೆ ಕಾಲಿಗೆ ಎಣ್ಣೆ ತಿಕ್ಕುದ ಕಣೇ. ಎತ್ತ ಮಗ, ಇಷ್ಟ್ ವರ್ಸಕ್ಕೆ ನನ್ ಕಾಲ್ ಮುಟ್ದ.”

ಅದಾದ ಎರಡನೆಯ ದಿನ, ಸಂಜೆ ಬಿಸಿಲು ಇಳಿಯುವಾಗ, ಸಿದ್ದಲಿಂಗಸ್ವಾಮಿಯ ಸ್ಕೂಟರು ಲಕ್ಷ್ಮಮ್ಮನ ಗೇಟಿನ ಮುಂದೆ ನಿಂತಿತು. ಕಂಕುಳಲ್ಲಿ ಸುರುಳಿ ಸುತ್ತಿದ ಮೂರು ಪ್ಲಾನು. ಕೈಯ ಬೆರಳೊಂದಕ್ಕೆ ಬಟ್ಟೆ ಸುತ್ತಿತ್ತು, ಒಲೆಯ ಹತ್ತಿರ ಸುಟ್ಟುಕೊಂಡದ್ದಿರಬೇಕು. ಲಕ್ಷ್ಮಮ್ಮ ಬಾಗಿಲಲ್ಲಿ ಅವನನ್ನು ನೋಡಿ, ಕಾಫಿಯ ನೆಪ ಹೇಳಿ ಒಳಗೆ ಹೋದಳು.

“ವಿಜಯ ಬರಲ್ವಂತೆ?” ಎಂದಳು ಸರ್ವಮಂಗಳ. ಅದನ್ನೂ ರಕ್ಷಿತಾ ಹೇಳಿದ್ದಳು.

“ಹೂಂ.”

“ಅದಕ್ಕೆ ಬಂದ್ರಾ, ಸ್ಟೆಪ್ನಿ ಹುಡುಕ್ಕೊಂಡು?”

“ಅವನು ಬರಲ್ಲ ಅಂದದ್ದಲ್ಲ. ನಾನೇ ಅವನ ಮನೆಗೆ ಹೋಗಿ ಬೇಡ ಅಂದೆ. ಅವನು ಅದಕ್ಕೆ, ಇಷ್ಟು ದಿನ ಏನ್ ಕಾಯ್ತಿದ್ದೆ ಅಂದ.” ಸಿದ್ದಲಿಂಗಸ್ವಾಮಿ ಜಗಲಿಯ ಅಂಚಿನಲ್ಲಿ ಕೂತ. ಪ್ಲಾನಿನ ಸುರುಳಿಗಳನ್ನು ಮಡಿಲಲ್ಲಿಟ್ಟುಕೊಂಡು ಅವುಗಳ ಅಂಚನ್ನು ಒಂದೇ ಸಮ ಸರಿಮಾಡತೊಡಗಿದ. “ಅಮ್ಮ ರಾತ್ರಿ ಎಷ್ಟು ಸಲ ಏಳ್ತಾರೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ ಮಂಗಳ. ಒಂದೇ ಮನೇಲಿ ಮಲಗ್ತಿದ್ದೆ.”

ಅವಳು ಅವನ ಬಟ್ಟೆ ಸುತ್ತಿದ ಬೆರಳನ್ನೇ ನೋಡುತ್ತಿದ್ದಳು.

“ಅಮ್ಮನ್ನ ನೋಡ್ಕೊಳ್ಳೋಕೆ ಅಂತ ಅಮರೇಶ ರಜ ಹೇಳಿಟ್ಟಿದಾನೆ. ದೋಣಿ ಆಗೋದು ಇನ್ನು ಯಾವ ಕಾಲಕ್ಕೋ, ರಜ ಮಾತ್ರ ಇವತ್ತೇ ಹೇಳಿದಾನೆ,” ಎಂದು ನಗಲು ನೋಡಿದ. ನಗು ಬರಲಿಲ್ಲ. “ಕೇಳ್ದೇ ಹೋದದ್ದು ತಪ್ಪಾಯ್ತು. ಬರ್ತೀಯಾ?”

ಇಷ್ಟು ದಿನ ಬರದ ಅಳು ಸರ್ವಮಂಗಳಳಿಗೆ ಈಗ ಬಂತು. ಯಾವ ಮದುವೆಗೆ ಹೋಗಬೇಕು, ಯಾವ ಶಾಲೆಗೆ ಮಗನನ್ನು ಹಾಕಬೇಕು, ಅಡುಗೆಮನೆಗೆ ಗೋಡೆ ಎಲ್ಲಿ ಏಳಬೇಕು, ಯಾವುದನ್ನೂ ಈ ಮನುಷ್ಯ ತನ್ನನ್ನು ಕೇಳಿರಲಿಲ್ಲ. ಕೇಳಿದರೆ ಇಷ್ಟೇ, ಮೂರು ಅಕ್ಷರದ ಮಾತು. ಅದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಸಿಟ್ಟೂ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗೊರೆಸಿಕೊಂಡು, “ಬರ್ತೀನಿ,” ಎಂದಳು.

ಸಿದ್ದಲಿಂಗಸ್ವಾಮಿ ಗಡಬಡಿಸಿ ಸುರುಳಿಗಳನ್ನು ಜಗಲಿಯ ಮೇಲೆ ಬಿಡಿಸಿ, ಹಾರದ ಹಾಗೆ ಮೂಲೆಗಳ ಮೇಲೆ ಚಪ್ಪಲಿ, ಸ್ಕೂಟರಿನ ಬೀಗದಕೈ, ತನ್ನ ಕನ್ನಡಕದ ಡಬ್ಬಿ ಇಟ್ಟ. “ಪ್ಲಾನು ನೀನೇ ಆರ್ಸು. ನಾನು ಬಾಯಿ ಹಾಕಲ್ಲ. ನಾಳೆ ದುಡ್ಡು ಕಟ್ತೀನಿ.” ಹೇಳುತ್ತ ಹೇಳುತ್ತಲೇ ನಡುವಿನದನ್ನು ಅವಳ ಮುಂದಕ್ಕೆ ಸರಿಸಿ, ಅಡುಗೆಮನೆಯ ಮೇಲೆ ಬೆರಳಿಟ್ಟ. “ಕಿಟಕಿ ಇನ್ನೂ ಅರ್ಧ ಅಡಿ ದೊಡ್ಡದು ಮಾಡ್ಬಹುದು. ಲೆಕ್ಕ ಹಾಕಿದೀನಿ.”

ಸರ್ವಮಂಗಳ ಆ ಕಿಟಕಿಯನ್ನು ನೋಡಿದಳು. ಅದರ ಪಕ್ಕದ ಕಟ್ಟೆ, ಕೊಕ್ಕೆ, ಮಸಾಲೆ ಡಬ್ಬದ ಜಾಗ ಎಲ್ಲ ಅವಳೇ ಹೇಳಿ ಬರೆಸಿದ್ದು. ಚೆನ್ನಾಗಿತ್ತು. ಆಮೇಲೆ ಮೂರನ್ನೂ ಒಂದೊಂದಾಗಿ ನೋಡಿ, ಬಗ್ಗಿ, ಒಂದರ ಮೇಲಿನ ಚಪ್ಪಲಿ ತೆಗೆದು ಹಾಳೆಯನ್ನು ಅವನ ಕೈಗೆ ಕೊಟ್ಟಳು.

“ಚಿಕ್ಕದು,” ಎಂದಳು.

ಸಿದ್ದಲಿಂಗಸ್ವಾಮಿ ಹಾಳೆಯನ್ನೂ ಅವಳನ್ನೂ ನೋಡಿದ. “ಇದರಲ್ಲಿ ಅಡುಗೆಮನೇನೇ ಇಲ್ವಲ್ಲೇ?”

“ಅದಕ್ಕೇ,” ಎಂದಳು ಸರ್ವಮಂಗಳ.